ಸಣ್ಣ ಡೀಸೆಲ್ ಟ್ರಾಕ್ಟರ್ ಲೋಡ್ ಎಳೆಯುತ್ತಿಲ್ಲವೇ? ಪಂಪ್ ಬಿಚ್ಚುವ ಮುಂಚೆ ಓದಿ

ಟ್ರಾಕ್ಟರ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ನಿಂತಲ್ಲಿ ಸದ್ದು ಚೆನ್ನಾಗಿದೆ. ಆಕ್ಸಿಲರೇಟರ್ ಕೊಟ್ಟರೆ ಏರುತ್ತದೆ. ಆದರೆ ಕಲ್ಟಿವೇಟರ್ ಇಳಿಸಿ ಹತ್ತು ಮಾರು ಹೋಗುವಷ್ಟರಲ್ಲಿ ಇಂಜಿನ್ ಸೊರಗುತ್ತದೆ, ಗೇರ್ ಇಳಿಸಬೇಕಾಗುತ್ತದೆ, ಒಮ್ಮೊಮ್ಮೆ ಅಲ್ಲೇ ನಿಂತುಬಿಡುತ್ತದೆ. 15ರಿಂದ 30 ಎಚ್‌ಪಿ ಒಳಗಿನ, ಎರಡು ಮೂರು ಸಿಲಿಂಡರಿನ, ಟರ್ಬೊ ಇಲ್ಲದ ಟ್ರಾಕ್ಟರ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಇದನ್ನು ನೋಡಿಯೇ ಇರುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಇಂಥ ಹಳೇ ರೀತಿಯ, ಮೆಕ್ಯಾನಿಕಲ್ ಪಂಪ್ (ಸಿಲಿಂಡರಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್) ಇರುವ ಇಂಜಿನ್ ಬಗ್ಗೆ. ಸೆನ್ಸರ್, ಕಂಪ್ಯೂಟರ್ ಇರುವ ಇಂಜಿನ್ ಆದರೆ ದಾರಿ ಬೇರೆ.

ಪವರ್ ಇಲ್ಲ ಅಂದ ಕೂಡಲೇ ‘ಪಂಪ್ ಹೋಗಿದೆ, ಬಿಚ್ಚಿ ಕಳಿಸೋಣ’ ಅನ್ನುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಡೀಸೆಲ್ ಪಂಪಿನ ಒಳಗಿನ ಪ್ಲಂಜರ್ (ಡೀಸೆಲ್ ಒತ್ತುವ ಕಡ್ಡಿ) ಮತ್ತು ಅದು ಓಡಾಡುವ ಬ್ಯಾರೆಲ್ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಅಷ್ಟು ನಾಜೂಕಿನ ವಸ್ತುವನ್ನು ಮಣ್ಣು ಧೂಳಿನ ನಡುವೆ ಬಿಚ್ಚಿದರೆ ಇಲ್ಲದ ದೋಷವೂ ಸೇರಿಕೊಳ್ಳುತ್ತದೆ. ನಾನು ನೋಡಿದ ಮಟ್ಟಿಗೆ ಪವರ್ ಇಲ್ಲದ ಟ್ರಾಕ್ಟರ್‌ಗಳಲ್ಲಿ ಹೆಚ್ಚಿನವು ಸರಿಹೋಗಿದ್ದು ಟ್ಯಾಂಕಿನಿಂದ ಪಂಪಿನ ಬಾಯಿಯವರೆಗಿನ ಡೀಸೆಲ್ ದಾರಿಯಲ್ಲಿ, ಇಲ್ಲವೇ ಗಾಳಿಯ ದಾರಿಯಲ್ಲಿ. ಎರಡನ್ನೂ ಮನೆಯಲ್ಲಿರುವ ನಾಲ್ಕು ಸ್ಪ್ಯಾನರ್, ಒಂದು ಡಬ್ಬಿ, ಒಂದು ತುಂಡು ಪೈಪ್ ಇಟ್ಟುಕೊಂಡು ನೋಡಬಹುದು.

ಮೊದಲ ಪ್ರಶ್ನೆ: ಯಾವಾಗ ಸೊರಗುತ್ತದೆ?

ಸ್ಪ್ಯಾನರ್ ಹಿಡಿಯುವ ಮುಂಚೆ ಓಡಿಸಿದವರ ಹತ್ತಿರ ಕೂತು ಕೇಳಿ. ‘ಪವರ್ ಇಲ್ಲ’ ಅನ್ನುವ ಒಂದು ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಸ್ಟಾರ್ಟ್ ಮಾಡಿದ ತಕ್ಷಣದಿಂದಲೇ ಇಲ್ಲವಾ, ಕಾಲು ಗಂಟೆ ಆದ ಮೇಲೆ ಹೋಗುತ್ತದಾ? ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಬರುತ್ತದಾ? ಟ್ಯಾಂಕ್ ತುಂಬಿದ್ದಾಗ ಸರಿ ಇದ್ದು ಅರ್ಧ ಆದ ಮೇಲೆ ಶುರುವಾಗುತ್ತದಾ? ಒಂದೇ ದಿನದಲ್ಲಿ ಬಂದಿದ್ದಾ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿದಿದ್ದಾ? ಅದಕ್ಕೆ ಮುಂಚೆ ಯಾರಾದರೂ ಏನಾದರೂ ಬಿಚ್ಚಿದ್ದರಾ?

ಒಂದೊಂದು ಉತ್ತರವೂ ಒಂದೊಂದು ಕಡೆ ಬೊಟ್ಟು ಮಾಡುತ್ತದೆ. ಕೆಲಸ ಮಾಡ್ತಾ ಮಾಡ್ತಾ ಹೋಗಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ವಾಪಸ್ ಬರುವ ಪವರ್ ಹೆಚ್ಚಾಗಿ ಡೀಸೆಲ್ ಸಾಲದೆ ಹೋದದ್ದು. ಟ್ಯಾಂಕ್ ಅರ್ಧ ಆದ ಮೇಲೆ ಬರುವ ತೊಂದರೆ ಅಂದರೆ ಎಲ್ಲೋ ಪೈಪ್ ಗಾಳಿ ಎಳೆಯುತ್ತಿದೆ. ಒಂದೇ ದಿನದಲ್ಲಿ, ಅದೂ ಹೊಸ ಡೀಸೆಲ್ ಹಾಕಿದ ಮೇಲೆ ಬಂದಿದ್ದರೆ ಡೀಸೆಲ್‌ನಲ್ಲಿ ನೀರು. ಎರಡು ಮೂರು ವರ್ಷದಲ್ಲಿ ನಿಧಾನಕ್ಕೆ ಇಳಿದಿದ್ದರೆ ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ), ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ), ರಿಂಗು (ಪಿಸ್ಟನ್ ಸುತ್ತ ಇರುವ ಬಳೆ). ಯಾರೋ ಕೈ ಹಾಕಿದ ಮರುದಿನ ಶುರುವಾಗಿದ್ದರೆ, ಅವರು ಎಲ್ಲಿ ಕೈ ಹಾಕಿದ್ದರೋ ಅಲ್ಲಿಂದಲೇ ನೋಡಿ.

ಇಂಜಿನ್ ತಪ್ಪೇ ಇಲ್ಲದಿರಬಹುದು

ಲೋಡ್ ಬಿದ್ದಾಗ ಆರ್‌ಪಿಎಂ ಮುಳ್ಳನ್ನೇ ನೋಡಿ. ಮುಳ್ಳು ಕೆಳಗೆ ಬೀಳುತ್ತಿದ್ದರೆ ಇಂಜಿನ್‌ಗೆ ಆಗುತ್ತಿಲ್ಲ ಅಂತ ಅರ್ಥ. ಮುಳ್ಳು ಹಾಗೇ ನಿಂತು, ಟ್ರಾಕ್ಟರ್ ಮಾತ್ರ ನಿಧಾನ ಆಗುತ್ತಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ ಅಥವಾ ಚಕ್ರ ಜಾರುತ್ತಿದೆ. ಕ್ಲಚ್ ಆದರೆ ಸುಟ್ಟ ವಾಸನೆಯೂ ಬರುತ್ತದೆ. ಮೊದಲು ಪೆಡಲ್‌ನ ಫ್ರೀ ಪ್ಲೇ ನೋಡಿ. ಪೆಡಲ್ ಮೇಲೆ ಸದಾ ಕಾಲಿಟ್ಟುಕೊಂಡು ಓಡಿಸುವ ಅಭ್ಯಾಸ ಇದ್ದರೂ ಹೀಗೇ ಆಗುತ್ತದೆ.

ಬ್ರೇಕ್ ಹಿಡಿದುಕೊಂಡಿದ್ದರೂ ಟ್ರಾಕ್ಟರ್ ಸುಮ್ನೆ ಒದ್ದಾಡುತ್ತದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು ಇಬ್ಬರು ತಳ್ಳಿ ನೋಡಿ. ಸಣ್ಣ ಟ್ರಾಕ್ಟರ್ ಕದಲಬೇಕು. ಕೆಲಸ ಮುಗಿದ ಮೇಲೆ ಎರಡು ಕಡೆಯ ಬ್ರೇಕ್ ಹೌಸಿಂಗ್ ಹತ್ತಿರ ಕೈ ಒಯ್ಯಿರಿ. ಒಂದು ಕಡೆ ಸುಡುವಷ್ಟು ಬಿಸಿ ಇದ್ದರೆ ಗೊತ್ತಾಯಿತಲ್ಲ. ಹೈಡ್ರಾಲಿಕ್ ಲಿವರನ್ನು ತುದಿಗೆ ಎತ್ತಿಟ್ಟು, ರಿಲೀಫ್ ವಾಲ್ವ್ ಕಿರುಗುಟ್ಟುತ್ತಲೇ ಇದ್ದರೆ ಹೈಡ್ರಾಲಿಕ್ ಪಂಪೂ ಇಂಜಿನ್ ಶಕ್ತಿಯನ್ನು ತಿನ್ನುತ್ತಿರುತ್ತದೆ. ರೋಟವೇಟರ್ ಬ್ಲೇಡ್ ಬದಲಿಸುವಾಗ ಎಡಬಲ ಅದಲುಬದಲಾಗಿದ್ದರೂ, ಒದ್ದೆ ನೆಲದಲ್ಲಿ ಆಳ ಜಾಸ್ತಿ ಕೊಟ್ಟಿದ್ದರೂ ಬೈಗುಳ ಇಂಜಿನ್‌ಗೇ ಬೀಳುತ್ತದೆ. ತುಂಬ ಎತ್ತರದ ಪ್ರದೇಶಕ್ಕೆ ಟ್ರಾಕ್ಟರ್ ಒಯ್ದಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಟರ್ಬೊ ಇಲ್ಲದ ಇಂಜಿನ್ ಪ್ರತಿ 300 ಮೀಟರ್ ಏರಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ.

ಇನ್ನೊಂದು ವಿಷಯ ತುಂಬ ಜನ ನೋಡುವುದೇ ಇಲ್ಲ. ಇಂಜಿನ್ ಆಫ್ ಮಾಡಿ, ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಎಳೆಯಲಿ. ನೀವು ಪಂಪಿನ ಪಕ್ಕ ಬಗ್ಗಿ, ಅಲ್ಲಿರುವ ಲಿವರ್ ತನ್ನ ಸ್ಟಾಪರ್ ಬೋಲ್ಟಿಗೆ ತಾಗುತ್ತದಾ ನೋಡಿ. ಕೇಬಲ್ ಹಿಗ್ಗಿದ್ದರೆ, ಲಿಂಕಿನ ತೂತು ಸವೆದಿದ್ದರೆ ಲಿವರ್ ಮುಕ್ಕಾಲು ದಾರಿಯಲ್ಲೇ ನಿಂತಿರುತ್ತದೆ. ಹಾಗೇ ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಹೋಗುತ್ತದಾ ಅಂತಲೂ ನೋಡಿ. ಅದು ತುಕ್ಕು ಹಿಡಿದು ನಡುವೆ ಸಿಕ್ಕಿಕೊಂಡರೆ ಡೀಸೆಲ್ ಅರ್ಧ ಕಟ್ಟಿದ ಹಾಗೆಯೇ. ಇಂಜಿನ್ ಓಡುತ್ತಲೇ ಇರುತ್ತದೆ, ಲೋಡ್ ಮಾತ್ರ ಎಳೆಯುವುದಿಲ್ಲ. ನಾಲ್ಕು ಹನಿ ಎಣ್ಣೆಯಲ್ಲಿ ಸರಿಹೋಗುವ ದೋಷ ಇದು.

ಹೊಗೆ ಏನು ಹೇಳುತ್ತದೆ

ಇಂಜಿನ್ ಬಿಸಿ ಆದ ಮೇಲೆ, ಲೋಡಿನಲ್ಲಿ ಇರುವಾಗ ಹೊಗೆ ನೋಡಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ಹೊಗೆಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ.

ಕಪ್ಪು ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಅದನ್ನು ಉರಿಸಲು ಗಾಳಿ ಸಾಲುತ್ತಿಲ್ಲ, ಅಥವಾ ನಾಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಬಿಳಿ ಹೊಗೆ, ಮೂಗಿಗೆ ಹಸಿ ಡೀಸೆಲ್ ವಾಸನೆ, ಕಣ್ಣು ಉರಿ ಬಂದರೆ ಡೀಸೆಲ್ ಉರಿಯದೇ ಹೊರಗೆ ಹೋಗುತ್ತಿದೆ: ಟೈಮಿಂಗ್ (ಡೀಸೆಲ್ ಸಿಂಪಡಿಸುವ ಹೊತ್ತು) ಹಿಂದಾಗಿರಬಹುದು, ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಕಮ್ಮಿ ಇರಬಹುದು, ನೀರು ಸೇರಿರಬಹುದು. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ.

ಇನ್ನು ಪವರ್ ಇಲ್ಲ, ಹೊಗೆಯೂ ಇಲ್ಲ ಅನ್ನುವ ಸ್ಥಿತಿ. ಆರೋಗ್ಯವಾಗಿರುವ ಈ ಥರದ ಇಂಜಿನ್ ಲೋಡಿಗೆ ಕುಗ್ಗುವಾಗ ಸ್ವಲ್ಪವಾದರೂ ಕಪ್ಪು ಉಗುಳುತ್ತದೆ. ಯಾಕೆಂದರೆ ಗೌರ್ನರ್ (ಇಂಜಿನ್ ವೇಗ ಬೀಳದ ಹಾಗೆ ನೋಡಿಕೊಳ್ಳುವ ಭಾಗ) ಡೀಸೆಲ್ ಜಾಸ್ತಿ ಕೊಡುತ್ತದೆ. ಇಂಜಿನ್ ಕುಗ್ಗಿ ನಿಲ್ಲುವವರೆಗೂ ಸೈಲೆನ್ಸರ್ ಬಾಯಿ ಸ್ವಚ್ಛವಾಗಿದ್ದರೆ ಡೀಸೆಲ್ ಬರುತ್ತಲೇ ಇಲ್ಲ. ಗಾಳಿ, ವಾಲ್ವ್, ರಿಂಗು ಎಲ್ಲ ಬಿಟ್ಟು ನೇರ ಡೀಸೆಲ್ ದಾರಿ ಹಿಡಿಯಿರಿ.

ಡೀಸೆಲ್ ದಾರಿ: ಇಲ್ಲಿ ಅವಸರ ಬೇಡ

‘ನಿಂತಲ್ಲಿ ಚೆನ್ನಾಗಿ ಓಡುತ್ತದೆ, ಹಾಗಾಗಿ ಡೀಸೆಲ್ ಸರಿಯಾಗಿ ಬರುತ್ತಿದೆ’ ಅನ್ನುವ ಮಾತು ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ! 25 ಎಚ್‌ಪಿ ಇಂಜಿನ್ ಪೂರ್ತಿ ಲೋಡಿನಲ್ಲಿ ಗಂಟೆಗೆ ಹೆಚ್ಚು ಕಡಿಮೆ 5 ಲೀಟರ್ ಡೀಸೆಲ್ ಕುಡಿಯುತ್ತದೆ. ಸ್ಲೋದಲ್ಲಿ ನಿಂತಿದ್ದರೆ ಅದಕ್ಕೆ ಬೇಕಿರುವುದು ಅದರ ಒಂದು ಸಣ್ಣ ಪಾಲು. ದಾರದ ಎಳೆಯಷ್ಟು ಡೀಸೆಲ್ ಬರುತ್ತಿದ್ದರೂ ನಿಂತ ಇಂಜಿನ್ ಖುಷಿಯಾಗಿ ಓಡುತ್ತದೆ, ಲೋಡಿಲ್ಲದೆ ರೈಸ್ ಕೂಡ ಆಗುತ್ತದೆ. ಕೊರತೆ ಗೊತ್ತಾಗುವುದು ಲೋಡ್ ಬಿದ್ದಾಗ ಮಾತ್ರ. ಆದ್ದರಿಂದ ಕಣ್ಣಂದಾಜು ಬೇಡ, ಡೀಸೆಲ್ ಅಳೆಯಿರಿ.

ನಮ್ಮ ಟ್ರಾಕ್ಟರಿಗೆ ಆದದ್ದನ್ನೇ ಹೇಳುತ್ತೇನೆ. ಮೂರು ಸಿಲಿಂಡರ್ ಇಂಜಿನ್. ಇಪ್ಪತ್ತು ನಿಮಿಷ ಗಟ್ಟಿಯಾಗಿ ಎಳೆಯುತ್ತಿತ್ತು, ಆಮೇಲೆ ಯಾರೋ ಕತ್ತು ಹಿಸುಕಿದ ಹಾಗೆ ಕುಗ್ಗುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಇಪ್ಪತ್ತು ನಿಮಿಷ. ಫಿಲ್ಟರ್ ಬದಲಾಯಿಸಿದ್ದಾಯಿತು. ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್‌ಗೆ ಕಳಿಸಿದ್ದೂ ಆಯಿತು. ವಾಪಸ್ ಕೂರಿಸಿದ ದಿನವೂ ಅದೇ ಇಪ್ಪತ್ತು ನಿಮಿಷ. ಕೊನೆಗೆ ಒಂದು ಸಂಜೆ ಫಿಲ್ಟರಿಗೆ ಬರುವ ಪೈಪನ್ನು ಬಿಚ್ಚಿ ಬಿಳಿ ಡಬ್ಬಿಗೆ ಹಿಡಿದು ಸುಮ್ನೆ ನೋಡುತ್ತಾ ಕೂತೆ. ಟ್ಯಾಂಕ್ ಎತ್ತರದಲ್ಲಿರುವುದರಿಂದ ಡೀಸೆಲ್ ತಾನಾಗಿ ಇಳಿದು ಬರಬೇಕು. ಬಂತು ಕೂಡ, ಪೆನ್ಸಿಲ್ ದಪ್ಪದ ಧಾರೆ. ಎರಡು ಲೀಟರ್ ತುಂಬುವಷ್ಟರಲ್ಲಿ ಧಾರೆ ಸಣ್ಣಗಾಯಿತು, ಮತ್ತೆ ಸಣ್ಣಗಾಯಿತು, ಕೊನೆಗೆ ಪೈಪಿನ ತುದಿಯಲ್ಲಿ ಹನಿ ಜೋತುಬಿದ್ದು ಬೀಳಲೋ ಬೇಡವೋ ಅನ್ನುವ ಹಾಗೆ ನಿಂತಿತು. ಟ್ಯಾಂಕಿನಲ್ಲಿ ಮುಕ್ಕಾಲು ಡೀಸೆಲ್ ಇತ್ತು! ಮುಚ್ಚಳ ತೆಗೆದೆ, ವ್ಯತ್ಯಾಸ ಆಗಲಿಲ್ಲ. ಸೈಕಲ್ ಪಂಪಿನಿಂದ ಪೈಪಿನೊಳಕ್ಕೆ ಒಂದು ಸಲ ಗಾಳಿ ಒತ್ತಿದೆ. ಟ್ಯಾಂಕಿನ ಒಳಗೆ ಬುಳಬುಳ ಸದ್ದು, ಮರುಕ್ಷಣ ಪೆನ್ಸಿಲ್ ದಪ್ಪದ ಧಾರೆ. ಟ್ಯಾಂಕ್ ಖಾಲಿ ಮಾಡಿ ಟಾರ್ಚ್ ಬಿಟ್ಟು ನೋಡಿದರೆ ಉಗುರಿನಗಲದ ಒಂದು ತೆಳು ಹಾಳೆ, ಆಯಿಲ್ ಡಬ್ಬಿಯ ಮುಚ್ಚಳದ ಕೆಳಗೆ ಅಂಟಿಸಿರುತ್ತಾರಲ್ಲ ಆ ಸೀಲ್, ತಳದಲ್ಲಿ ಬಿದ್ದಿತ್ತು. ಡೀಸೆಲ್ ಹರಿದಂತೆಲ್ಲ ಅದು ತೇಲಿ ಬಂದು ಔಟ್‌ಲೆಟ್ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಇಂಜಿನ್ ನಿಲ್ಲಿಸಿದರೆ ಎಳೆತ ತಪ್ಪಿ ಬಿಟ್ಟುಕೊಳ್ಳುತ್ತಿತ್ತು. ಪಂಪಿಗೆ ಕೊಟ್ಟ ದುಡ್ಡು, ಹೋದ ದಿನಗಳು ವಾಪಸ್ ಬರಲಿಲ್ಲ. ಅದಕ್ಕೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ಈ ಕ್ರಮದಲ್ಲಿ ಹೋಗಿ. ಮೊದಲು ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಧೂಳು, ಎಣ್ಣೆ ಸೇರಿ ಅದು ಮುಚ್ಚಿದರೆ ಡೀಸೆಲ್ ಇಳಿದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಆಗುತ್ತದೆ. ಪವರ್ ಇಳಿದ ಹೊತ್ತಿಗೆ ಮುಚ್ಚಳ ಸಡಿಲಿಸಿ ನೋಡಿ. ‘ಉಸ್’ ಅಂತ ಗಾಳಿ ಒಳಗೆ ಹೋಗಿ, ಒಂದೆರಡು ನಿಮಿಷದಲ್ಲಿ ಇಂಜಿನ್ ಚೇತರಿಸಿಕೊಂಡರೆ ಕಳ್ಳ ಸಿಕ್ಕಿದ.

ಮುಂದೆ ಟ್ಯಾಂಕಿನ ತಳದ ಡ್ರೇನ್ ಬೋಲ್ಟ್ ಅಥವಾ ಫಿಲ್ಟರಿನ ಕೆಳಗಿನ ಬಟ್ಟಲು. ಒಂದು ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಇಳಿಸಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ, ನಡುವಿನ ಗೆರೆ ಕಣ್ಣಿಗೆ ಕಾಣುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಟ್ರಾಕ್ಟರ್ ಆದರೆ ಕಂದು ಬಣ್ಣದ ಲೋಳೆಯೂ ಬರಬಹುದು. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದು ಆಗುವ ಲೋಳೆ ಅದು. ಫಿಲ್ಟರಿನ ಉಸಿರು ಕಟ್ಟಿಸಲು ಅಷ್ಟು ಸಾಕು. ಆಗ ಫಿಲ್ಟರ್ ಬದಲಾಯಿಸಿದರೆ ಸಾಲದು, ಟ್ಯಾಂಕನ್ನೇ ಬಿಚ್ಚಿ ತೊಳೆಯಬೇಕು. ತುಂಬ ಚಳಿ ಬೀಳುವ ಕಡೆ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುವುದೂ ಉಂಟು. ಬಿಸಿಲೇರಿದ ಮೇಲೆ ತಾನಾಗಿ ಸರಿಹೋದರೆ ಅದೇ ಅಂದುಕೊಳ್ಳಿ.

ಫಿಲ್ಟರ್ ಬದಲಿಸಿದ್ದು ಯಾವಾಗ ಅಂತ ನೆನಪಿಲ್ಲದಿದ್ದರೆ ಬದಲಿಸಿಬಿಡಿ. ಹಳೇ ಫಿಲ್ಟರನ್ನು ಡೀಸೆಲ್‌ನಲ್ಲಿ ತೊಳೆದು ಹಾಕುವವರಿದ್ದಾರೆ. ತೊಳೆಯುವಾಗ ಹೊರಗಿನ ಕೊಳೆ ಒಳಗಡೆಗೆ ಸೇರಿ, ನೇರ ಪಂಪಿಗೆ ಹೋಗುತ್ತದೆ. ಆ ಉಳಿತಾಯ ಬೇಡ. ಹೊಸ ಫಿಲ್ಟರ್ ಹಾಕಿದರೂ ಸರಿಹೋಗದಿದ್ದರೆ ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪ್) ಹತ್ತಿರ ಬನ್ನಿ. ತುಂಬ ಮಾಡೆಲ್‌ಗಳಲ್ಲಿ ಅದರ ಒಳಗೆ, ಇಲ್ಲವೇ ಅದಕ್ಕೆ ಪೈಪ್ ಸೇರಿಸುವ ಬ್ಯಾಂಜೊ ಬೋಲ್ಟಿನ (ಡೀಸೆಲ್ ಹರಿಯಲು ನಡುವೆ ತೂತಿರುವ ಬೋಲ್ಟ್) ಒಳಗೆ, ಬೆರಳ ತುದಿಯಷ್ಟು ಜಾಲರಿ ಇರುತ್ತದೆ. ಅದು ಅಲ್ಲಿದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ, ಹಾಗಾಗಿ ಟ್ರಾಕ್ಟರ್ ಬಂದ ದಿನದಿಂದ ಯಾರೂ ತೊಳೆದಿರುವುದಿಲ್ಲ.

ಫೀಡ್ ಪಂಪಿನ ಡಯಾಫ್ರಂ ಹರಿದಿದ್ದರೆ ಇನ್ನೊಂದು ಗುರುತು ಸಿಗುತ್ತದೆ. ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಮಟ್ಟ ಕಮ್ಮಿ ಆಗುವ ಬದಲು ಏರಿದ್ದರೆ, ಮೂಸಿದರೆ ಡೀಸೆಲ್ ವಾಸನೆ ಬಂದರೆ, ಡೀಸೆಲ್ ಸಂಪಿಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯುತ್ತಿದೆ. ತಕ್ಷಣ ಇಂಜಿನ್ ನಿಲ್ಲಿಸಿ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಅಳತೆ ಮಾಡುವುದು ಹೀಗೆ. ದೊಡ್ಡ ಪಂಪಿಗೆ ಡೀಸೆಲ್ ಬರುವ ಪೈಪ್ ಬಿಚ್ಚಿ ಡಬ್ಬಿಗೆ ಬಿಡಿ. ಗುರುತ್ವದ ಮೇಲೆ ಬರುವುದಾದರೆ ಹಾಗೇ ಬಿಡಿ, ಫೀಡ್ ಪಂಪ್ ಇದ್ದರೆ ಸ್ಟಾಪ್ ಎಳೆದಿಟ್ಟು ಇನ್ನೊಬ್ಬರಿಂದ ಸ್ವಲ್ಪ ಸ್ಟಾರ್ಟರ್ ಹೊಡೆಸಿ, ಅಥವಾ ಕೈ ಲಿವರ್ ಒತ್ತಿ. ಗಂಟೆಗೆ 5 ಲೀಟರ್ ಅಂದರೆ ನಿಮಿಷಕ್ಕೆ 83 ಮಿಲಿ ಚಿಲ್ಲರೆ. ಆದರೆ ಬರೇ ಅಷ್ಟು ಬಂದರೆ ಸಾಲದು. ರಿಟರ್ನ್ ಪೈಪಿನಲ್ಲಿ ವಾಪಸ್ ಹೋಗಲೂ ಡೀಸೆಲ್ ಬೇಕು, ಹೀಗಾಗಿ ಅದರ ನಾಲ್ಕೈದು ಪಟ್ಟು ಬರುವುದನ್ನು ನಾನು ನೋಡುತ್ತೇನೆ. ಅಳತೆಗಿಂತ ಮುಖ್ಯ, ಧಾರೆ ಕೊನೆಯವರೆಗೂ ಒಂದೇ ದಪ್ಪ ಇರಬೇಕು. ಕನಿಷ್ಠ ಎರಡು ಮೂರು ಲೀಟರ್ ಬಿಟ್ಟು ನೋಡಿ. ನಮ್ಮ ಟ್ಯಾಂಕಿನ ಹಾಳೆ ಮೊದಲ ಲೀಟರಿನಲ್ಲಿ ಸಿಕ್ಕುತ್ತಲೇ ಇರಲಿಲ್ಲ.

ಇನ್ನೂ ಅನುಮಾನ ಇದ್ದರೆ ಟ್ಯಾಂಕನ್ನೇ ಆಟದಿಂದ ಹೊರಗಿಡಿ. ಐದು ಲೀಟರಿನ ಸ್ವಚ್ಛ ಕ್ಯಾನನ್ನು ಟ್ಯಾಂಕಿನ ಎತ್ತರಕ್ಕೆ, ಸೈಲೆನ್ಸರಿನಿಂದ ದೂರ, ಬೀಳದ ಹಾಗೆ ಕಟ್ಟಿ, ಅಲ್ಲಿಂದ ಹೊಸ ಪೈಪಿನಲ್ಲಿ ಫಿಲ್ಟರಿಗೆ ಡೀಸೆಲ್ ಕೊಡಿ. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಈಗ ಲೋಡ್ ಎಳೆದರೆ ದೋಷ ಟ್ಯಾಂಕ್, ಮುಚ್ಚಳ, ಹಳೇ ಪೈಪ್ ಇವುಗಳಲ್ಲಿ. ಎಳೆಯದಿದ್ದರೆ ಅಷ್ಟೂ ನಿರ್ದೋಷಿ.

ಗಾಳಿ ಎಳೆಯುವುದು

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಎಳೆತ ಇರುತ್ತದೆ, ಒತ್ತಡ ಇರುವುದಿಲ್ಲ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಪೈಪ್ ಒಣಗಿ ಚೊಕ್ಕಟವಾಗಿದೆ, ಒಳಗೆ ಗುಳ್ಳೆ. ಟ್ಯಾಂಕ್ ತುಂಬಿದ್ದಾಗ ಡೀಸೆಲ್ ತಾನಾಗಿ ಇಳಿಯುವುದರಿಂದ ತೊಂದರೆ ಮರೆಯಾಗುತ್ತದೆ, ಅರ್ಧ ಆದ ಮೇಲೆ ತಲೆ ಎತ್ತುತ್ತದೆ. ಒಂದು ಗೇಣು ಪಾರದರ್ಶಕ ಪೈಪನ್ನು ಫೀಡ್ ಪಂಪಿಗೆ ಮುಂಚೆ ತಾತ್ಕಾಲಿಕವಾಗಿ ಸೇರಿಸಿ ಓಡಿಸಿ ನೋಡಿ. ಗುಳ್ಳೆ ಓಡುತ್ತಿದ್ದರೆ ಕಣ್ಣಿಗೇ ಕಾಣುತ್ತದೆ. ಹಳೇ ರಬ್ಬರ್ ಪೈಪನ್ನು ಬಾಗಿಸಿ ನೋಡಿ, ಸೀಳು ಕಂಡರೆ ಕ್ಲಿಪ್ ಬಿಗಿ ಮಾಡುತ್ತಾ ಕೂರಬೇಡಿ, ಬದಲಿಸಿ. ಬ್ಯಾಂಜೊ ಬೋಲ್ಟಿನ ಎರಡೂ ಕಡೆಯ ತಾಮ್ರದ ವಾಶರ್ ಕೂಡ ಹೊಸದು ಹಾಕಿ.

ಇಷ್ಟೆಲ್ಲ ಬಿಚ್ಚಿದ ಮೇಲೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈ ಲಿವರ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್. ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಎರಡು ಫಿಲ್ಟರ್ ಇದ್ದರೆ ಎರಡರಲ್ಲೂ, ಆಮೇಲೆ ಪಂಪಿನ ಸ್ಕ್ರೂನಲ್ಲಿ ಇದೇ ಕೆಲಸ. ಕೊನೆಗೂ ಸ್ಟಾರ್ಟ್ ಆಗದಿದ್ದರೆ ನಾಝಲ್ ಮೇಲಿನ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟರ್ ಹೊಡೆಯಿರಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ. ಅಲ್ಲಿ ಬರಿಗೈ ಇಡಬೇಡಿ. ನಾಝಲಿನಿಂದ ಬರುವ ಡೀಸೆಲ್ ನೂರಾರು ಬಾರ್ ಒತ್ತಡದ್ದು, ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಇಂಜಿನ್ ಉಸಿರಾಡುತ್ತಿದೆಯಾ

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. ಅಷ್ಟೂ ಗಾಳಿ ಒಂದೇ ಏರ್ ಫಿಲ್ಟರ್ ಮೂಲಕ ಹೋಗಬೇಕು, ಅದೂ ರೋಟವೇಟರ್ ಎಬ್ಬಿಸುವ ಧೂಳಿನ ನಡುವೆ. ಕಪ್ಪು ಹೊಗೆ ಇದ್ದರೆ ಮೊದಲು ಇಲ್ಲಿಗೇ ಬನ್ನಿ.

ಆಯಿಲ್ ಇರುವ ಫಿಲ್ಟರ್ ಆದರೆ ಬಟ್ಟಲು ಇಳಿಸಿ ತಳಕ್ಕೆ ಬೆರಳು ಹಾಕಿ ನೋಡಿ. ಕೆಸರು ಕೂತಿದ್ದರೆ ತೊಳೆದು ಹೊಸ ಆಯಿಲ್ ಹಾಕಿ. ಗುರುತಿನವರೆಗೆ ಮಾತ್ರ. ಜಾಸ್ತಿ ಹಾಕಿದರೆ ಇಂಜಿನ್ ಆ ಆಯಿಲನ್ನೇ ಎಳೆದುಕೊಂಡು, ಸ್ಟಾಪ್ ಎಳೆದರೂ ನಿಲ್ಲದೆ ಓಡಬಹುದು. ಮೇಲಿನ ಜಾಲರಿಯನ್ನೂ ಡೀಸೆಲ್‌ನಲ್ಲಿ ಅದ್ದಿ ತೊಳೆದು ಒಣಗಿಸಿ, ಬಟ್ಟಲು ಮಾತ್ರ ತೊಳೆದು ಅದನ್ನು ಹಾಗೇ ಬಿಡುವವರು ಜಾಸ್ತಿ. ಕಾಗದದ ಫಿಲ್ಟರ್ ಆದರೆ ಒಳಗಿನಿಂದ ಹೊರಗೆ, ಕಮ್ಮಿ ಒತ್ತಡದ ಗಾಳಿ ಬಿಡಿ. ಆಮೇಲೆ ಒಳಗೆ ಟಾರ್ಚ್ ಇಟ್ಟು ಕತ್ತಲಲ್ಲಿ ತಿರುಗಿಸಿ ನೋಡಿ. ಎಲ್ಲೂ ಬೆಳಕೇ ಬರದಿದ್ದರೆ ಕಟ್ಟಿದೆ, ಸೂಜಿಮೊನೆಯಷ್ಟು ಬೆಳಕು ಚುಚ್ಚಿದ ಹಾಗೆ ಬಂದರೆ ತೂತಾಗಿದೆ. ಎರಡೂ ಎಸೆಯುವಂಥವೇ.

ಧೂಳಿಲ್ಲದ ಜಾಗದಲ್ಲಿ, ನಿಂತಲ್ಲೇ, ಫಿಲ್ಟರ್ ತೆಗೆದು ಒಂದೇ ಒಂದು ನಿಮಿಷ ರೈಸ್ ಮಾಡಿ ನೋಡಬಹುದು. ಹೊಗೆ ಕಮ್ಮಿ ಆದರೆ ಉತ್ತರ ಸಿಕ್ಕಿತು. ಫಿಲ್ಟರ್ ಇಲ್ಲದೆ ಹೊಲಕ್ಕೆ ಮಾತ್ರ ಇಳಿಸಬೇಡಿ, ರಿಂಗು ಲೈನರ್ ಸವೆಯಲು ತುಂಬ ದಿನ ಬೇಕಿಲ್ಲ. ಫಿಲ್ಟರಿನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಕೂಡ ಒತ್ತಿ ನೋಡಿ. ಒಳಪದರ ಬಿಟ್ಟುಕೊಂಡಿದ್ದರೆ ರೈಸ್ ಮಾಡಿದಾಗ ಅದು ಒಳಕ್ಕೆ ಕುಸಿದು ದಾರಿ ಮುಚ್ಚುತ್ತದೆ. ಬಹಳ ದಿನ ನಿಂತ ಟ್ರಾಕ್ಟರ್ ಆದರೆ ಇಲಿ ಗೂಡು, ಕಣಜದ ಮಣ್ಣುಗೂಡು ಗಾಳಿ ಪೈಪಿನಲ್ಲೂ ಇರಬಹುದು, ಸೈಲೆನ್ಸರಿನಲ್ಲೂ ಇರಬಹುದು. ಸೈಲೆನ್ಸರ್ ಒಳಗೆ ಮಸಿ ಕಟ್ಟಿದ್ದರೆ ಬಿಚ್ಚಿ ಮರದ ತುಂಡಿನಿಂದ ತಟ್ಟಿ ಉದುರಿಸಿ.

ಬಿಸಿಯ ಬಗ್ಗೆ ಎರಡೇ ಮಾತು. ರೇಡಿಯೇಟರ್ ರೆಕ್ಕೆಗಳ ನಡುವೆ ಹೊಟ್ಟು ತುಂಬಿ, ಬೆಲ್ಟ್ ಸಡಿಲವಾಗಿ ಇಂಜಿನ್ ಕಾದರೂ ಪವರ್ ಇಳಿಯುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ?

ಡೀಸೆಲ್, ಗಾಳಿ ಎರಡೂ ಸರಿ ಇವೆ, ಆದರೂ ಸದ್ದು ಕುಂಟುತ್ತಿದೆ ಅಂದುಕೊಳ್ಳಿ. ಕನ್ನಡಕ, ದಪ್ಪ ಗ್ಲೌಸ್ ಹಾಕಿಕೊಂಡು, ಇಂಜಿನ್ ಸ್ಲೋದಲ್ಲಿ ಇರುವಾಗ, ಒಂದು ನಾಝಲಿನ ಪೈಪ್ ನಟ್ ಮೇಲೆ ಬಟ್ಟೆ ಸುತ್ತಿ ಸ್ವಲ್ಪ ಸಡಿಲಿಸಿ. ಆ ಸಿಲಿಂಡರ್ ಚೆನ್ನಾಗಿದ್ದರೆ ಇಂಜಿನ್ ತಡವರಿಸಬೇಕು. ಸಡಿಲಿಸಿದರೂ ಏನೂ ವ್ಯತ್ಯಾಸ ಆಗದಿದ್ದರೆ ಆ ಸಿಲಿಂಡರ್ ಮೊದಲೇ ಮಲಗಿದೆ. ಬಿಗಿ ಮಾಡಿ ಮುಂದಿನದ್ದಕ್ಕೆ ಹೋಗಿ. ಮೂರರಲ್ಲಿ ಒಂದು ಮಲಗಿದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಹೋಗುತ್ತದೆ, ಯಾಕೆಂದರೆ ಮಲಗಿದ್ದನ್ನೂ ಉಳಿದೆರಡು ಹೊತ್ತು ತಿರುಗಬೇಕಲ್ವಾ.

ಮಲಗಿದ ಸಿಲಿಂಡರ್ ಸಿಕ್ಕ ಮೇಲೆ ಅದರ ನಾಝಲನ್ನೂ ಪಕ್ಕದ ಸಿಲಿಂಡರಿನ ನಾಝಲನ್ನೂ ಅದಲುಬದಲು ಮಾಡಿ. ದೋಷ ನಾಝಲ್ ಜೊತೆ ಪಕ್ಕಕ್ಕೆ ಹೋದರೆ ನಾಝಲ್ ಹಾಳು. ಅಲ್ಲೇ ಉಳಿದರೆ ವಾಲ್ವ್, ಕಂಪ್ರೆಶನ್ ಅಥವಾ ಆ ಸಿಲಿಂಡರಿಗೆ ಡೀಸೆಲ್ ಕೊಡುವ ಪಂಪಿನ ಭಾಗ. ಕೂರಿಸುವಾಗ ನಾಝಲ್ ಕೆಳಗಿನ ತಾಮ್ರದ ವಾಶರ್ ಹೊಸದೇ ಇರಲಿ, ಹಳೆಯದು ಕೆಳಗೆ ಅಂಟಿಕೊಂಡು ಎರಡು ಆಗದ ಹಾಗೆ ನೋಡಿಕೊಳ್ಳಿ. ನಾಝಲ್ ಒತ್ತಡವನ್ನು ಟೆಸ್ಟರ್ ಮೇಲೆ ಇಟ್ಟೇ ನೋಡಬೇಕು. ನೇರ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಹೆಚ್ಚಾಗಿ 200 ಬಾರ್ ಆಸುಪಾಸು ಅಥವಾ ಮೇಲೆ, ಪ್ರಿ ಚೇಂಬರ್ ಇರುವ ಸಣ್ಣ ಇಂಜಿನ್‌ಗಳಲ್ಲಿ ಅದಕ್ಕಿಂತ ಕಮ್ಮಿ ಇರುತ್ತದೆ. ನಿಮ್ಮ ಇಂಜಿನ್ನಿನ ಲೆಕ್ಕ ಅದರ ಪುಸ್ತಕದಲ್ಲಿದೆ. ಒತ್ತಡ ಸರಿ ಇದ್ದರೂ ಸಾಲದು, ಮಂಜಿನ ಹಾಗೆ ಸಿಂಪಡಿಸಬೇಕು, ನಿಲ್ಲಿಸಿದ ಮೇಲೆ ತುದಿಯಲ್ಲಿ ಹನಿ ಜಿನುಗಬಾರದು.

ನಾಝಲಿಗೆ ದುಡ್ಡು ಹಾಕುವ ಮುಂಚೆ ಟ್ಯಾಪೆಟ್ ನೋಡಿ ಅನ್ನುವುದು ನನ್ನ ಸಲಹೆ. ಟ್ಯಾಪೆಟ್ ಸಂದು ಜಾಸ್ತಿ ಆದರೆ ಟಕಟಕ ಸದ್ದು ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಕಮ್ಮಿ ಆದರೆ ಸದ್ದೇ ಇರುವುದಿಲ್ಲ, ಅದೇ ಅಪಾಯ. ವಾಲ್ವ್ ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಬಂದು ಸಂದು ತಿಂದುಹೋಗುತ್ತದೆ, ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಶನ್ ಸೋರುತ್ತದೆ. ಎಷ್ಟೋ ಸಣ್ಣ ಇಂಜಿನ್‌ಗಳಲ್ಲಿ ಸಂದು 0.20ರಿಂದ 0.30 ಮಿಮೀ ನಡುವೆ ಇರುತ್ತದೆ. ಪುಸ್ತಕದಲ್ಲಿ ‘ತಣ್ಣಗಿರುವಾಗ’ ಅಂತ ಇದ್ದರೆ ಇಂಜಿನ್ ತಣ್ಣಗಿರುವಾಗಲೇ ಅಳೆಯಬೇಕು. ಫೀಲರ್ ಗೇಜ್ ಎಳೆದರೆ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ತುಸು ಹಿಡಿತ ಸಿಗಬೇಕು.

ಕಂಪ್ರೆಶನ್ ಬಗ್ಗೆ ಮೊದಲ ಅಂದಾಜಿಗೆ ಗೇಜ್ ಬೇಡ. ಬಿಸಿ ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅಲ್ಲೇ ಸಡಿಲವಾಗಿ ಇಟ್ಟು ನೋಡಿ. ತುಸು ಅಲುಗಾಡಿದರೆ ಚಿಂತೆ ಇಲ್ಲ. ಕುಣಿದು ಕೆಳಗೆ ಬಿದ್ದು, ಬಾಯಿಯಿಂದ ಬುಸುಬುಸು ಹೊಗೆ ಬಂದರೆ ರಿಂಗು ಲೈನರ್ ಸವೆದಿವೆ. ಅದಕ್ಕೂ ಮುಂಚೆ ಬ್ರೀದರ್ ಪೈಪ್ (ಇಂಜಿನ್ ಒಳಗಿನ ಗಾಳಿ ಹೊರಹೋಗುವ ಪೈಪ್) ಕಟ್ಟಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಗೇಜ್ ಹಾಕಿಸುವುದಾದರೆ ಡೀಸೆಲ್ ಇಂಜಿನ್ನಿನ ಗೇಜ್ ಬೇಕು, ಪೆಟ್ರೋಲ್ ಇಂಜಿನ್ನಿನದು ತಾಳುವುದಿಲ್ಲ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 10ಕ್ಕಿಂತ ಜಾಸ್ತಿ ಕೆಳಗಿದ್ದರೆ ಹೆಡ್ ಬಿಚ್ಚುವ ಕಾಲ ಬಂದಿದೆ. ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುತ್ತದೆ.

ಈಗ ಪಂಪ್

ಇಷ್ಟೆಲ್ಲ ಆದ ಮೇಲೆ ಪಂಪನ್ನು ಅನುಮಾನಿಸಬಹುದು. ಸವೆದ ಪಂಪಿಗೆ ಒಂದು ಗುಣ ಇದೆ. ತಣ್ಣಗಿದ್ದಾಗ ಡೀಸೆಲ್ ಸ್ವಲ್ಪ ಮಂದ, ಆಗ ಪಂಪ್ ಹೇಗೋ ಒತ್ತಡ ಎಬ್ಬಿಸುತ್ತದೆ. ಬಿಸಿಯಾಗಿ ಡೀಸೆಲ್ ತೆಳುವಾದ ಮೇಲೆ ಪ್ಲಂಜರ್ ಪಕ್ಕದಿಂದ ಜಾರಿಕೊಳ್ಳುತ್ತದೆ. ಅಂಥ ಟ್ರಾಕ್ಟರ್ ಬೆಳಗ್ಗೆ ಚೆನ್ನಾಗಿದ್ದು, ಕಾದ ಮೇಲೆ ಸೊರಗುತ್ತದೆ, ಬಿಸಿಯಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಕಟ್ಟಿದ ಪೈಪಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ: ಕಟ್ಟಿದ್ದು ಹತ್ತು ನಿಮಿಷದ ವಿರಾಮಕ್ಕೆ ಚೇತರಿಸಿಕೊಳ್ಳುತ್ತದೆ, ಸವೆದ ಪಂಪ್ ಇಂಜಿನ್ ಪೂರ್ತಿ ತಣ್ಣಗಾಗುವವರೆಗೂ ಚೇತರಿಸಿಕೊಳ್ಳುವುದಿಲ್ಲ.

ಪಂಪ್ ಇಳಿಸಿದರೆ ಅದರ ಬುಡದಲ್ಲಿರುವ ಶಿಮ್‌ಗಳನ್ನು (ತೆಳು ಲೋಹದ ಹಾಳೆಗಳನ್ನು) ಎಣಿಸಿ, ಅಷ್ಟೂ ಅಲ್ಲೇ ವಾಪಸ್ ಹಾಕಿ. ಎಷ್ಟೋ ಸಣ್ಣ ಇಂಜಿನ್‌ಗಳಲ್ಲಿ ಟೈಮಿಂಗ್ ನಿಂತಿರುವುದೇ ಅವುಗಳ ಮೇಲೆ. ಒಂದು ಜಾಸ್ತಿ ಆದರೆ ಟೈಮಿಂಗ್ ಹಿಂದಕ್ಕೆ ಹೋಗಿ ಬಿಳಿ ಹೊಗೆ ಶುರುವಾಗುತ್ತದೆ, ಕಮ್ಮಿ ಆದರೆ ಇಂಜಿನ್ ಗಟ್ಟಿಯಾಗಿ ಕುಟ್ಟುತ್ತದೆ. ಗೇರಿನ ಮೂಲಕ ಕೂರುವ ಪಂಪ್ ಆದರೆ ಬಿಚ್ಚುವ ಮುಂಚೆಯೇ ಗುರುತು ಹಾಕಿ. ಪಂಪ್ ಮೇಲೆ ಸೀಲ್ ಹಾಕಿರುವ, ಡೀಸೆಲ್ ಪ್ರಮಾಣ ಹೊಂದಿಸುವ ಸ್ಕ್ರೂ ಮುಟ್ಟಬೇಡಿ. ಅದನ್ನು ತಿರುಗಿಸಿ ‘ಪವರ್ ಬಂತು’ ಅನ್ನುವವರು ನಿಜವಾದ ದೋಷವನ್ನು ಮುಚ್ಚಿ, ಕಪ್ಪು ಹೊಗೆ ಮತ್ತು ಕಾದ ಪಿಸ್ಟನ್ ಕೊಟ್ಟು ಹೋಗಿರುತ್ತಾರೆ.

ರಿಪೇರಿ ಆದ ಮೇಲೆ ಅದೇ ಹೊಲ, ಅದೇ ಗೇರ್, ಅದೇ ಆಳದಲ್ಲಿ ಓಡಿಸಿ, ತೊಂದರೆ ಬರುತ್ತಿದ್ದ ಹೊತ್ತಿನ ಎರಡು ಪಟ್ಟು ಹೊತ್ತು. ನಮ್ಮದನ್ನು ಹಾಳೆ ತೆಗೆದ ಮರುದಿನ ಒಂದು ಗಂಟೆ ನಿಲ್ಲಿಸದೆ ಓಡಿಸಿದೆವು. ಇಪ್ಪತ್ತನೇ ನಿಮಿಷ ಬಂದಾಗ ಎಲ್ಲರ ಕಣ್ಣೂ ಆರ್‌ಪಿಎಂ ಮುಳ್ಳಿನ ಮೇಲೆಯೇ ಇತ್ತು. ಮುಳ್ಳು ಅಲುಗಾಡಲಿಲ್ಲ.